ಮಲ್ಪೆಯ ಮೀನು ಕಚೇರಿಯ ಏಳು ಕಂಪ್ಯೂಟರ್: ಎಲ್ಲಿ ವಿಂಡೋಸ್, ಎಲ್ಲಿ ಲಿನಕ್ಸ್

ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಮಲ್ಪೆ ಬಂದರಿನ ಹತ್ತಿರ ಮೀನು ಖರೀದಿ, ಐಸ್ ಮಾರಾಟ, ವೇಬ್ರಿಡ್ಜ್ (ಲಾರಿ ತೂಗುವ ತಟ್ಟೆ) ಮೂರನ್ನೂ ನಡೆಸುವ ಒಂದು ಕಚೇರಿ ಅದಕ್ಕೆ ಮೊದಲೇ ತೀರ್ಮಾನಕ್ಕೆ ಬರಬೇಕಿತ್ತು. ಅಲ್ಲಿರುವುದು ಏಳು ಕಂಪ್ಯೂಟರ್. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಗೆ ಎರಡು, ಕೌಂಟರಿನಲ್ಲಿ ಮೂರು, ಕನ್ನಡದ ಪತ್ರ, ಅರ್ಜಿ ಟೈಪ್ ಮಾಡಲು ಒಂದು, ವೇಬ್ರಿಡ್ಜ್ ಕ್ಯಾಬಿನ್‌ನಲ್ಲಿ ಒಂದು. ಟ್ಯಾಲಿಯ ಒಂದು ಯಂತ್ರ ಮಾತ್ರ ಇಂಟೆಲ್ 10ನೇ ಪೀಳಿಗೆಯದ್ದು. ಉಳಿದ ಆರೂ 4ನೇ ಪೀಳಿಗೆಯ ಐ3-4130, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3, 500 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಬೇಕು. ಆ ಆರಕ್ಕೂ ಅರ್ಹತೆ ಇಲ್ಲ.

ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ಮೂಲ ತಂತ್ರಾಂಶ (ಓಎಸ್) ಲಿನಕ್ಸ್. ಧಣಿಗಳ ಮುಂದೆ ಎರಡು ಸಲಹೆ ಇದ್ದವು. ಎಲ್ಲವನ್ನೂ ಲಿನಕ್ಸ್ ಮಾಡಿಬಿಡಿ, ಹ್ಯಾಂಗ್ ಆಗುವುದೇ ಇಲ್ಲ ಎಂಬುದು ಒಂದು. ಲಿನಕ್ಸ್ ಹಾಕಿದರೆ ಪ್ರಿಂಟ್ ಬರುವುದಿಲ್ಲ, ಏಳನ್ನೂ ಹೊಸದೇ ತನ್ನಿ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ನಿತ್ಯದ ಕೆಲಸದಲ್ಲಿ ಒಂದು ಯಂತ್ರ ಎಷ್ಟು ನಂಬಿಕಸ್ತ ಎಂಬುದನ್ನು ಅದರ ಪರದೆಗಿಂತ ಹಿಂಬದಿಯಲ್ಲಿ ಸಿಕ್ಕಿಸಿದ ತಂತಿಗಳೇ ಹೆಚ್ಚು ಹೇಳುತ್ತವೆ. ಹಾಗಾಗಿ ಇಡೀ ಕಚೇರಿಗೆ ಒಂದೇ ಉತ್ತರ ಹುಡುಕದೆ, ಯಂತ್ರಕ್ಕೊಂದರಂತೆ ನೋಡಲಾಯಿತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಕಚೇರಿ ತಣ್ಣಗಿರುವ ಆ ಎರಡು ತಿಂಗಳಲ್ಲೇ ಕೆಲಸ ಮುಗಿಯಿತು.

ಮೊದಲು ಯಂತ್ರ, ಆಮೇಲೆ ಓಎಸ್

ದೂರಿನ ಪುಸ್ತಕದಲ್ಲಿ ಇದ್ದದ್ದು ಬರೀ "ಹ್ಯಾಂಗ್". ಅದರಿಂದ ಏನೂ ತಿಳಿಯುವುದಿಲ್ಲ. ಮೇ ತಿಂಗಳಲ್ಲೇ ಪುಸ್ತಕಕ್ಕೆ ನಾಲ್ಕು ಕಾಲಂ ಹಾಕಿಸಲಾಯಿತು: ಗಂಟೆ, ಕರೆಂಟ್ ಇತ್ತೇ, ಯಾವ ಕೆಲಸ ತೆರೆದಿತ್ತು, ಮೌಸ್ ಬಾಣ ಓಡುತ್ತಿತ್ತೇ. ಬಾಣ ಓಡುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕ್ ಅಥವಾ ಒಂದು ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡಿದೆ. ಬಾಣವೂ ನಿಂತಿದ್ದರೆ ರ‍್ಯಾಮ್, ಪವರ್ ಸಪ್ಲೈ ಅಥವಾ ಡ್ರೈವರ್ ಕಡೆ ನೋಡಬೇಕು.

ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ಲಾಗ್ ತೆರೆದರೆ "ಕರ್ನಲ್-ಪವರ್ 41" ಎಂಬ ದಾಖಲೆ ಸಿಗುತ್ತದೆ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಎದ್ದಿದೆ ಎಂದಷ್ಟೇ ಅದರ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ ನೀಲಿ ಪರದೆ (ವಿಂಡೋಸ್ ಕುಸಿದಾಗ ಬರುವ ದೋಷದ ಪರದೆ) ದಾಖಲಾಗಿಲ್ಲ. ಹೆಚ್ಚಾಗಿ ಕರೆಂಟ್ ಹೋಗಿರುತ್ತದೆ, ಇಲ್ಲವೇ ಯಾರೋ ಬಟನ್ ಒತ್ತಿ ಹಿಡಿದಿರುತ್ತಾರೆ. ಇಲ್ಲಿನ 41ರ ದಾಖಲೆಗಳಲ್ಲಿ ಹೆಚ್ಚಿನವು ಸೊನ್ನೆಯವೇ. ಯುಪಿಎಸ್‌ಗಳು 600 ವಿಎಯವು, ಒಳಗೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಹಸಿರು ದೀಪ ಉರಿಯುತ್ತಿದೆ ಎಂದು ನಂಬಿ ಕೂತರೆ ಮೋಸ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತು ನೋಡಬೇಕು. ಮೂರು ಯುಪಿಎಸ್ ಆ ಕ್ಷಣವೇ ಕೈಕೊಟ್ಟವು. ಮಳೆಗಾಲದಲ್ಲಿ ದಿನಕ್ಕೆ ಎಷ್ಟೋ ಸಲ ಕಣ್ಣುಮಿಟುಕಿಸುವ ಕರೆಂಟಿಗೆ ಆ ಮೂರು ಯಂತ್ರಗಳು ನೇರವಾಗಿ ಬೀಳುತ್ತಿದ್ದವು, ಅಪವಾದ ಮಾತ್ರ ವಿಂಡೋಸ್ ಮೇಲೆ.

ಇನ್ನು ಉಪ್ಪುಗಾಳಿ. "ಅಣ್ಣ, ಇದು ಪುನಃ ನಿಂತಿತು, ಎಂತ ಒತ್ತಿದ್ರೂ ಆಗುದಿಲ್ಲ" ಎಂದು ಕೌಂಟರಿನ ಹುಡುಗ ತೋರಿಸುತ್ತಿದ್ದ ಎರಡನೇ ಯಂತ್ರದಲ್ಲಿ ನೀಲಿ ಪರದೆಯ ಹೆಸರು ಪ್ರತಿ ಸಲವೂ ಬೇರೆ. ಹೀಗೆ ಹೆಸರು ಬದಲಾಗುತ್ತಲೇ ಇದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿದಾಗ ಕೆಂಪು ಸಾಲುಗಳು ಬಂದವು. ರ‍್ಯಾಮ್ ಕಿತ್ತು ನೋಡಿದರೆ ಚಿನ್ನದ ಬಣ್ಣದ ಪಟ್ಟಿಗಳ ಬುಡದಲ್ಲಿ ಕಿಲುಬು. ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಸ್ಲಾಟನ್ನು ಒಣ ಬ್ರಷ್‌ನಿಂದ ಗುಡಿಸಿ ಮತ್ತೆ ಸಿಕ್ಕಿಸಿದ ಮೇಲೆ ರಾತ್ರಿಯಿಡೀ ಓಡಿಸಿದರೂ ಒಂದೂ ಕೆಂಪು ಸಾಲಿಲ್ಲ. ಥಿನ್ನರ್ ಬಳಸಬಾರದು, ಪ್ಲಾಸ್ಟಿಕ್ ಸ್ಲಾಟನ್ನು ಅದು ತಿನ್ನುತ್ತದೆ.

ಮೂರನೇ ಕೌಂಟರ್ ಯಂತ್ರದ ಕಥೆ ಬೇರೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಅಂಕಿಗಳಲ್ಲಿ 5 ಮತ್ತು 197ನೇ ಸಾಲು ಸೊನ್ನೆಯಲ್ಲೇ ಇದ್ದವು. ಅಂದರೆ ಡಿಸ್ಕಿನ ಮೇಲ್ಮೈ ಕೆಟ್ಟ ಲಕ್ಷಣವಿಲ್ಲ. 199ನೇ ಸಾಲು ಮಾತ್ರ ಏರುತ್ತಲೇ ಇತ್ತು. 199 ಡಿಸ್ಕ್ ಮತ್ತು ಬೋರ್ಡಿನ ನಡುವೆ ದತ್ತಾಂಶ ಹಾಳಾಗಿ ತಲುಪಿದ ಲೆಕ್ಕ. ಬಹುತೇಕ ಸಾಟಾ ಕೇಬಲ್ಲಿನ ದೋಷ. ಈ ಅಂಕಿ ಒಮ್ಮೆ ಏರಿದರೆ ಇಳಿಯುವುದಿಲ್ಲ, ಆದ್ದರಿಂದ ಕೇಬಲ್ ಬದಲಿಸುವ ಮೊದಲು ಬರೆದಿಟ್ಟುಕೊಂಡು, ವಾರ ಬಿಟ್ಟು ಮತ್ತೆ ನೋಡಬೇಕು. ಇಲ್ಲಿ ಕೇಬಲ್ ಬದಲಿಸಿದ ಮೇಲೆ ಅಂಕಿ ನಿಂತಲ್ಲೇ ನಿಂತಿತು. ಡಿಸ್ಕ್ ಎಸೆದು, ವಿಂಡೋಸ್ ಮರುಹಾಕಿ, ಕೊನೆಗೆ ಅದೇ ಕೇಬಲ್ ಉಳಿಸಿಕೊಳ್ಳುವ ರಿಪೇರಿಗಳು ನಮ್ಮ ಕಡೆ ಎಷ್ಟು ನಡೆಯುತ್ತವೆ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಆರೂ ಹಳೆಯ ಯಂತ್ರಗಳ ಸಿಆರ್2032 ಬಟನ್ ಸೆಲ್ ಬದಲಿಸಲಾಯಿತು. ಅದು ಸತ್ತರೆ ಗಡಿಯಾರ ಹಿಂದಕ್ಕೆ ಓಡಿ, ಬ್ಯಾಂಕ್ ಮತ್ತು ಜಿಎಸ್‌ಟಿ ಜಾಲತಾಣಗಳು ಪ್ರಮಾಣಪತ್ರದ ದೋಷ ತೋರಿಸುತ್ತವೆ, ಓಎಸ್ ಯಾವುದಾದರೂ. ಅರ್ಥಿಂಗ್ ಹೇಗಿದೆ ಎಂಬ ಮೊದಲ ಅಂದಾಜಿಗೆ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಲಾಯಿತು, ಅದು ಸಾಮಾನ್ಯವಾಗಿ 2-3 ವೋಲ್ಟಿನೊಳಗೆ ಇರಬೇಕು. ಇಲ್ಲಿ ಹೆಚ್ಚಿತ್ತು, ಅರ್ಥ್ ಪಿಟ್ಟಿನ ಕ್ಲಾಂಪ್ ತುಕ್ಕು ಹಿಡಿದು ಸಡಿಲವಾಗಿತ್ತು. ಇನ್ನೊಂದು ಮಾತು: ನಿಷೇಧದ ಎರಡು ತಿಂಗಳು ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಆರಿಸಿಡುವ ಅಭ್ಯಾಸ ಮಲ್ಪೆಯಂಥ ಕಡೆ ಒಳ್ಳೆಯದಲ್ಲ. ದಿನಕ್ಕೊಂದು ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ.

ಇಷ್ಟಾದ ಮೇಲೆ, ಇನ್ನೂ ಹಳೆಯ ವಿಂಡೋಸ್ 10ರಲ್ಲೇ, ದೂರಿನ ಪುಸ್ತಕ ಗಣನೀಯವಾಗಿ ಸುಮ್ಮನಾಯಿತು. ಓಎಸ್‌ಗಳ ಹೋಲಿಕೆ ಶುರುವಾಗಬೇಕಾದ್ದು ಇಲ್ಲಿಂದ. ಯಂತ್ರದ ತಪ್ಪನ್ನು ಬೇರ್ಪಡಿಸದೆ ಮಾಡಿದ ಹೋಲಿಕೆಗೆ ಬೆಲೆ ಇಲ್ಲ.

ವಿಂಡೋಸ್‌ನಲ್ಲಿ ಉಳಿದ ದೋಷಗಳು

ಎರಡು ಕೌಂಟರ್ ಯಂತ್ರಗಳಲ್ಲಿ ಇದ್ದದ್ದು ಕ್ರ್ಯಾಕ್ ಮಾಡಿದ ವಿಂಡೋಸ್. ಆ ಕ್ರ್ಯಾಕ್ ಸಾಧನ ಅಪ್‌ಡೇಟ್ ಸೇವೆಯನ್ನೇ ಆರಿಸಿ, ಆಂಟಿವೈರಸ್‌ಗೆ ಒಂದು ಫೋಲ್ಡರ್ ನೋಡಬೇಡ ಎಂದು ಹೇಳಿಟ್ಟಿತ್ತು. ಇಂಥ ಯಂತ್ರ ಕೆಟ್ಟರೆ ಅದನ್ನು ವಿಂಡೋಸ್‌ನ ದೋಷದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಅಸಲಿ ವಿಂಡೋಸ್‌ನ ದೋಷಗಳಿಗೆ ಬೇರೆಯೇ ಲಯ ಉಂಟು. ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ, ನಮ್ಮ ಗಡಿಯಾರಕ್ಕೆ ಅದು ತಡರಾತ್ರಿ. ಹಾಗಾಗಿ ಬುಧವಾರ ಬೆಳಿಗ್ಗೆ ಹಾರ್ಡ್‌ಡಿಸ್ಕಿನ ಯಂತ್ರಗಳಲ್ಲಿ ಡಿಸ್ಕ್ 100 ಶೇಕಡಾ, ಬಿಲ್ಲಿಗೆ ನಿಂತವರು ಕಾಯಬೇಕು. ಇದು ಕೆಟ್ಟದ್ದಲ್ಲ, ಹೊತ್ತು ತಪ್ಪಿದ್ದು. 2024ರ ಜನವರಿಯ ಕೆಬಿ5034441 ಎಂಬ ಅಪ್‌ಡೇಟ್ ಇನ್ನೊಂದು ಬಗೆ: ದುರಸ್ತಿಗೆಂದು ಡಿಸ್ಕಿನಲ್ಲಿ ಮೀಸಲಿಟ್ಟ ಭಾಗ (ರಿಕವರಿ ಪಾರ್ಟಿಷನ್) ಚಿಕ್ಕದಾಗಿದ್ದರೆ 80070643 ಎಂಬ ದೋಷ ಸಂಖ್ಯೆ ತೋರಿಸಿ ಮತ್ತೆ ಮತ್ತೆ ಸೋಲುತ್ತಿತ್ತು. ಪಾರ್ಟಿಷನ್ನನ್ನು 250 ಎಂಬಿ ಹಿಗ್ಗಿಸಬೇಕೆಂದು ಮೈಕ್ರೋಸಾಫ್ಟ್ ಹೇಳಿತು. ಮೀನಿನ ಲೆಕ್ಕ ಬರೆಯುವವರು ಅದನ್ನು ಮಾಡುವುದು ಹೇಗೆ? 2021ರಲ್ಲಿ ಪ್ರಿಂಟ್ ಸೇವೆಯ ಭದ್ರತಾ ಲೋಪ ಮುಚ್ಚಿದ ಅಪ್‌ಡೇಟುಗಳು ಒಂದು ಯಂತ್ರದ ಪ್ರಿಂಟರ್ ಇನ್ನೊಂದಕ್ಕೆ ಹಂಚುವ ವ್ಯವಸ್ಥೆಯನ್ನೇ ಎಷ್ಟೋ ಕಚೇರಿಗಳಲ್ಲಿ ಮುರಿದವು. ವಿಂಡೋಸ್‌ನ ಒಳ ಹೊಂದಿಕೆಗಳ ಕಡತವಾದ ರಿಜಿಸ್ಟ್ರಿ ತಿದ್ದಿ ಅದನ್ನು ಹಿಂದಕ್ಕೆ ತರುವ ಉಪಾಯ ಯೂಟ್ಯೂಬಿನಲ್ಲಿ ಸಿಗುತ್ತದೆ, ಆದರೆ ಮುಚ್ಚಿದ ಲೋಪವನ್ನೇ ಅದು ಮತ್ತೆ ತೆರೆಯುತ್ತದೆ.

ಅಪ್‌ಡೇಟ್ ಎಂಬುದು ಎರಡೂ ಕಡೆ ಡಿಸ್ಕಿನ ದತ್ತಾಂಶಕ್ಕೇ ಕೈ ಹಾಕಿದ ಉದಾಹರಣೆ ಇದೆ ಎಂಬುದನ್ನು ಮರೆಯಬಾರದು. 2018ರ ಅಕ್ಟೋಬರಿನ ವಿಂಡೋಸ್ 10 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಕಡತಗಳನ್ನು ಅಳಿಸಿ, ಬಿಡುಗಡೆ ನಿಲ್ಲಿಸಬೇಕಾಯಿತು. 2023ರ ಡಿಸೆಂಬರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ 12.3 ಆವೃತ್ತಿಯನ್ನು ತಡೆಹಿಡಿದದ್ದು ಅದರ ಕರ್ನಲ್ (ಓಎಸ್‌ನ ತಿರುಳು) 6.1.64ರಲ್ಲಿ ಇಎಕ್ಸ್‌ಟಿ4 ಕಡತಗಳನ್ನು ಕೆಡಿಸುವ ದೋಷ ಕಂಡದ್ದರಿಂದ. ಬ್ಯಾಕಪ್ ಇಲ್ಲದವರಿಗೆ ಯಾವ ಓಎಸ್ಸೂ ಆಸರೆಯಲ್ಲ.

ಆರು ಯಂತ್ರಗಳಿಗೂ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಳ್ಳುವ ದಾರಿ ಇತ್ತು. ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು, ಮೂರನೇ ವರ್ಷ ಮತ್ತೆ ಎರಡರಷ್ಟು. ಹನ್ನೆರಡು ವರ್ಷ ಹಿಂದಿನ ಮಾದರಿಗೆ ಅಷ್ಟು ಸುರಿಯುವುದು ವ್ಯರ್ಥ. ಅರ್ಹತೆಯ ತಪಾಸಣೆ ದಾಟಿಸಿ ವಿಂಡೋಸ್ 11 ಹಾಕಿಕೊಡುವ ರಿಪೇರಿಯವರೂ ಇದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟಿನ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿರುವಾಗ ಹಣ ಎಣಿಸುವ ಕೌಂಟರಿನಲ್ಲಿ ಅದು ಬೇಡ.

ವೇಬ್ರಿಡ್ಜ್

ಈ ಪ್ರಕರಣದ ಜೀವಾಳ ಇಲ್ಲಿದೆ. ತೂಕ ತೋರಿಸುವ ಇಂಡಿಕೇಟರಿನಿಂದ ಆರ್‌ಎಸ್-232 ಎಂಬ ಹಳೆಯ ಬಗೆಯ ಸೀರಿಯಲ್ ಕೇಬಲ್ ಬಂದು, ಯುಎಸ್‌ಬಿ-ಸೀರಿಯಲ್ ಪರಿವರ್ತಕದ ಮೂಲಕ ಕಂಪ್ಯೂಟರಿಗೆ ಸೇರುತ್ತಿತ್ತು. ಪರಿವರ್ತಕದಲ್ಲಿ ಪಿಎಲ್2303 ಚಿಪ್. ಒಂದು ಅಪ್‌ಡೇಟಿನ ಮರುದಿನ ಲಾರಿ ತಟ್ಟೆಯ ಮೇಲೆ ನಿಂತಿದೆ, ಪರದೆಯ ಮೇಲೆ ತೂಕ ಸೊನ್ನೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು, ಕೋಡ್ 10. ಹಳೆಯ ಮತ್ತು ನಕಲಿ ಪಿಎಲ್2303 ಚಿಪ್‌ಗಳನ್ನು ಹೊಸ ಡ್ರೈವರ್ ಬೇಕೆಂದೇ ನಿರಾಕರಿಸುತ್ತದೆ. ಹಳೆಯ ಡ್ರೈವರ್ ಹಾಕಿದರೆ ನಡೆಯುತ್ತದೆ, ಮುಂದಿನ ಅಪ್‌ಡೇಟ್ ಮತ್ತೆ ಹೊಸದನ್ನು ತಂದು ಕೂರಿಸುತ್ತದೆ.

ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟನ್ನು ಡಿಸ್ಕಿಗೆ ಇಳಿಸದೆಯೇ ನಡೆಸುವ ಲೈವ್ ಪೆನ್‌ಡ್ರೈವ್ ಹಾಕಿ ಅದೇ ಕೇಬಲ್ ಸಿಕ್ಕಿಸಿದಾಗ, ಡ್ರೈವರ್ ಹುಡುಕುವ ಕೆಲಸವೇ ಇಲ್ಲದೆ ತೂಕದ ಅಂಕಿಗಳು ಸಾಲಾಗಿ ಬಂದವು. ಕರ್ನಲ್ಲಿನೊಳಗೇ ಆ ಡ್ರೈವರ್ ಇದೆ. ಹಾಗೆಂದು ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ತೊಂದರೆಯೇ ಇಲ್ಲ ಎಂದಲ್ಲ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 22.04 ಆವೃತ್ತಿಯಲ್ಲಿ ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ, ಸಿಎಚ್340 ಚಿಪ್ಪಿನ ಪರಿವರ್ತಕವನ್ನು ಬ್ರೈಲ್ ಸಾಧನವೆಂದು ತಿಳಿದು ಕಿತ್ತುಕೊಳ್ಳುತ್ತಿತ್ತು. ಅದನ್ನು ತೆಗೆದುಹಾಕಬೇಕು, ಬಳಕೆದಾರರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಬೇಕು.

ಕೇಬಲ್ಲಿನ ಮಟ್ಟಿಗೆ ಲಿನಕ್ಸ್ ಗೆದ್ದರೂ ವೇಬ್ರಿಡ್ಜಿಗೆ ಲಿನಕ್ಸ್ ಹಾಕಲಿಲ್ಲ. ಚೀಟಿ ಮುದ್ರಿಸುವ ತಂತ್ರಾಂಶ ಇರುವುದು ವಿಂಡೋಸ್‌ಗೆ ಮಾತ್ರ, ಅದನ್ನು ಕೊಟ್ಟವರು ಬೇರೆಯದಕ್ಕೆ ಹೊಣೆ ಹೊರುವುದಿಲ್ಲ. ಬದಲಿಗೆ ಯುಎಸ್‌ಬಿ ಪರಿವರ್ತಕವನ್ನೇ ಬಿಡಲಾಯಿತು. ಈ ಎಚ್81 ಬೋರ್ಡಿನ ಮೇಲೆ ಕಾಮ್ ಎಂದು ಬರೆದ ಪಿನ್‌ಗಳ ಸಾಲು ಇದ್ದೇ ಇತ್ತು, ಬೇಕಾದ್ದು ಹಿಂಬದಿಗೆ ತರುವ ಬ್ರಾಕೆಟ್ ಕೇಬಲ್ ಅಷ್ಟೇ. ಆದರೆ ಈ ಬ್ರಾಕೆಟ್‌ಗಳಲ್ಲಿ ಎರಡು ಬಗೆಯ ವೈರಿಂಗ್ ಉಂಟು. ತಪ್ಪಿದ್ದು ಸಿಕ್ಕಿದರೆ ಪೋರ್ಟ್ ಕಾಣುತ್ತದೆ, ಅಂಕಿ ಬರುವುದಿಲ್ಲ. ಸಿಕ್ಕಿಸಿದ ಮೇಲೆ ಹಿಂಬದಿಯ ಕನೆಕ್ಟರಿನ 2 ಮತ್ತು 3ನೇ ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಟರ್ಮಿನಲ್ ತಂತ್ರಾಂಶದಲ್ಲಿ ಒಂದು ಅಕ್ಷರ ಒತ್ತಿ. ಅದೇ ಅಕ್ಷರ ಮರಳಿ ಬಂದರೆ ವೈರಿಂಗ್ ಸರಿ. ಆಮೇಲೆ ಇಂಡಿಕೇಟರಿನ ಬಾಡ್ ರೇಟ್ (ಅಂಕಿ ಕಳಿಸುವ ವೇಗ) ಮತ್ತು ತಂತ್ರಾಂಶದ ಬಾಡ್ ರೇಟ್ ಒಂದೇ ಇರಬೇಕು, ಇಲ್ಲದಿದ್ದರೆ ತೂಕದ ಬದಲು ಕಸ ಅಕ್ಷರ ಬರುತ್ತದೆ.

ಆ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತು ತೆಗೆಯಲಾಯಿತು. ವಿಂಡೋಸ್ 10 ಅಲ್ಲೇ ಉಳಿಯಿತು, ಇಂಟರ್‌ನೆಟ್ ಇಲ್ಲ, ಪೆನ್‌ಡ್ರೈವ್ ಹಾಕುವಂತಿಲ್ಲ. ಇಡೀ ಡಿಸ್ಕಿನ ಪ್ರತಿಯನ್ನು ಕ್ಲೋನ್‌ಜಿಲಾದಿಂದ ಇನ್ನೊಂದು ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಡಲಾಗಿದೆ. ಕೆಟ್ಟರೆ ಡಿಸ್ಕ್ ಬದಲಿಸಿದರಾಯಿತು. ವಿಂಡೋಸ್ ಯಂತ್ರದ ಈ ಆಪದ್ಧನವನ್ನು ಕಾಯ್ದಿಟ್ಟದ್ದು ಒಂದು ಮುಕ್ತ ತಂತ್ರಾಂಶ.

ಕೌಂಟರಿನ ಮೂರು, ಕನ್ನಡದ ಒಂದು

ಟ್ಯಾಲಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ವಿಂಡೋಸ್‌ಗೆ ಮಾಡಿದ್ದು. ವಿಂಡೋಸ್ ತಂತ್ರಾಂಶ ಓಡಿಸುವ ವೈನ್ ಎಂಬ ಸಾಧನದ ಮೂಲಕ ಲಿನಕ್ಸ್‌ನಲ್ಲಿ ತೆರೆಯಲು ಬರುತ್ತದೆ ಎಂಬ ಕಾರಣಕ್ಕೆ ಒಂದು ವರ್ಷದ ಲೆಕ್ಕವನ್ನು ಪಣಕ್ಕಿಡಬಾರದು. ಹಳೆಯ ಟ್ಯಾಲಿ ಯಂತ್ರದ ಜಾಗಕ್ಕೆ ವಿಂಡೋಸ್ 11 ಪ್ರೊ ಇರುವ ಹೊಸದು ಬಂತು, 10ನೇ ಪೀಳಿಗೆಯದ್ದು 11ಕ್ಕೆ ಏರಿತು. ಡಿಜಿಟಲ್ ಸಹಿಯ ಟೋಕನ್ ಕೂಡ ಅಲ್ಲೇ.

ಉಳಿದ ನಾಲ್ಕಕ್ಕೆ 240 ಜಿಬಿ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 22.1ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟುಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್ ವೇಗದವು, ಎಸ್‌ಎಸ್‌ಡಿ ಅವಕ್ಕೇ ಹೋಗಬೇಕು. ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಹಾಕುವ ಮೊದಲು ಅರ್ಧ ದಿನ ಲೈವ್ ಪೆನ್‌ಡ್ರೈವ್‌ನಲ್ಲೇ ಕೆಲಸ ಮಾಡಿಸಿ ನೋಡಲಾಯಿತು. ಈ ಹೆಜ್ಜೆ ಬಿಟ್ಟವರೇ ಆಮೇಲೆ ಲಿನಕ್ಸ್ ಬೈಯುವುದು.

ಒಂದೇ ಯಂತ್ರದಲ್ಲಿ ಎರಡೂ ಓಎಸ್ ಇಡಲಿಲ್ಲ. ವಿಂಡೋಸ್ ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯವೆಂದೂ ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೂ ಓದುತ್ತದೆ. ಅತ್ತಿಂದಿತ್ತ ಬದಲಾಯಿಸಿದರೆ ಗಡಿಯಾರ ಐದೂವರೆ ಗಂಟೆ ಜಿಗಿಯುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಲಿನಕ್ಸ್‌ಗೆ ಆ ಡ್ರೈವಿನಲ್ಲಿ ಬರೆಯಲೂ ಆಗುವುದಿಲ್ಲ. ಇವೆಲ್ಲಕ್ಕೂ ಪರಿಹಾರ ಉಂಟು, ಕೌಂಟರಿನಲ್ಲಿ ಅದಕ್ಕೆ ಪುರುಸೊತ್ತಿಲ್ಲ.

ನಿಜಕ್ಕೂ ತಲೆನೋವಾದದ್ದು ಪ್ರಿಂಟರ್. ಕೌಂಟರಿನಲ್ಲಿ ಇದ್ದದ್ದು ಕೆನಾನ್ ಎಲ್‌ಬಿಪಿ2900. ಗಟ್ಟಿ ಯಂತ್ರ, ಆದರೆ ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆ ಮಾತಾಡುತ್ತದೆ. ಲಿನಕ್ಸ್‌ನ ಕ್ಯಾಪ್ಟ್ ಡ್ರೈವರ್ ಹಳೆಯದು, ಹಿನ್ನೆಲೆಯಲ್ಲಿ ಒಂದು ಸೇವೆ ಸದಾ ಓಡುತ್ತಿರಬೇಕು. ಕಾಗದ ಸಿಕ್ಕಿಕೊಂಡರೆ ಅಥವಾ ಪ್ರಿಂಟರ್ ಆರಿಸಿ ಹಚ್ಚಿದರೆ ಆ ಸೇವೆ ಸುಮ್ಮನಾಗಿಬಿಡುತ್ತದೆ. ಹೇಗೋ ಹೊಂದಿಸಿ ಕೊಡಬಹುದು, ಆದರೆ ಬೆಳಗಿನ ಜಾವ ಬೋಟು ಬಂದಾಗ ಅದು ನಿಂತರೆ ಎಬ್ಬಿಸುವವರು ಯಾರು? ಅದನ್ನು ಟ್ಯಾಲಿ ಮೇಜಿಗೆ ಸರಿಸಿ, ಮೂರು ಕೌಂಟರಿಗೂ ಸೇರಿ ಐಪಿಪಿ ಮತ್ತು ಏರ್‌ಪ್ರಿಂಟ್ ಎಂಬ ಎಲ್ಲೆಡೆ ನಡೆಯುವ ಮುದ್ರಣ ವಿಧಾನಗಳ ಬೆಂಬಲವಿರುವ ಒಂದು ನೆಟ್‌ವರ್ಕ್ ಲೇಸರ್ ತರಲಾಯಿತು. ಇಂಥವಕ್ಕೆ ಡ್ರೈವರೇ ಬೇಡ, ಲಿನಕ್ಸ್ ತಾನೇ ಗುರುತಿಸುತ್ತದೆ. ರೌಟರಿನಲ್ಲಿ ಅದಕ್ಕೆ ಐಪಿ ವಿಳಾಸ ಕಾಯಂ ಮಾಡಿಡಬೇಕು. ಹಳೆಯ ಎಚ್‌ಪಿ 1007, 1020 ಇರುವವರೂ ಗಮನಿಸಿ: ಅವಕ್ಕೆ ಎಚ್‌ಪಿಎಲ್‌ಐಪಿ ಎಂಬ ಎಚ್‌ಪಿಯ ಲಿನಕ್ಸ್ ಡ್ರೈವರಿನ ಪ್ಲಗಿನ್ ಬೇಕು, ಎಚ್‌ಪಿಎಲ್‌ಐಪಿ ಆವೃತ್ತಿ ಬದಲಾದಾಗ ಪ್ಲಗಿನ್ನನ್ನೂ ಮತ್ತೆ ಹಾಕಬೇಕು.

ಕನ್ನಡದ ಮೇಜಿನಲ್ಲಿ ನುಡಿ ತಂತ್ರಾಂಶದ ಆಸ್ಕಿ (ಯುನಿಕೋಡ್‌ಗೆ ಮೊದಲಿನ ಬಗೆಯ) ಅಕ್ಷರಗಳಲ್ಲಿ ಟೈಪ್ ಮಾಡಿದ ಹಳೆಯ ಪತ್ರಗಳ ರಾಶಿಯೇ ಇತ್ತು. ಕೀಲಿಮಣೆಯ ಚಿಂತೆ ಬೇಗ ಕಳೆಯಿತು. ನುಡಿಯ ಕೀಲಿಮಣೆಗೆ ಆಧಾರ ನಮ್ಮ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಲಿನಕ್ಸ್‌ನಲ್ಲೂ ಕಗಪ ಹೆಸರಿನಲ್ಲಿ ಅದು ಸಿಗುತ್ತದೆ, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಹಳೆಯ ಕಡತ ಓದಲು ನುಡಿ ಫಾಂಟ್‌ಗಳನ್ನು ಲಿನಕ್ಸ್‌ಗೂ ಹಾಕಿದರೆ ಅಕ್ಷರ ಸರಿಯಾಗಿ ಕಾಣುತ್ತದೆ. ತಿದ್ದಬೇಕಾದ್ದನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲಿ ಎಚ್ಚರ ಬೇಕು: ಪತ್ರದ ನಡುವೆ ಇಂಗ್ಲಿಷಿನಲ್ಲಿ ಬರೆದ ಬೋಟಿನ ನೋಂದಣಿ ಸಂಖ್ಯೆಯನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಆ ಸಂಖ್ಯೆಗಳನ್ನು ಮೂಲದ ಮುದ್ರಿತ ಪ್ರತಿಯೊಂದಿಗೆ ಕೈಯಿಂದಲೇ ತಾಳೆ ನೋಡಬೇಕಾಯಿತು.

ಆಗಸ್ಟ್‌ನಿಂದ ಡಿಸೆಂಬರ್

ಬೋಟು ಇಳಿದ ಮೇಲೆ ಎರಡೂ ಕಡೆ ದೋಷ ಬಂದವು, ಬಂದ ದಾರಿ ಬೇರೆ. ಲಿನಕ್ಸ್‌ನ ನಾಲ್ಕರಲ್ಲಿ ಕೆಲಸದ ನಡುವೆ ಯಂತ್ರ ತಾನಾಗಿ ನಿಂತ ದಾಖಲೆ ಇಲ್ಲ. ನಿಂತದ್ದು ಅಪ್‌ಡೇಟ್ ಒತ್ತಿದ ಮರುಬೂಟಿನಲ್ಲಿ. ಒಂದನೇ ಕೌಂಟರಿಗೆ ಇಂಟರ್‌ನೆಟ್ ಬರುತ್ತಿದ್ದದ್ದು ರಿಯಲ್‌ಟೆಕ್ ಚಿಪ್ಪಿನ ಅಗ್ಗದ ವೈ-ಫೈ ಡಾಂಗಲಿನಿಂದ. ಅದರ ಡ್ರೈವರ್ 6.8 ಕರ್ನಲ್ಲಿನೊಳಗೆ ಇರದೆ ಹೊರಗಿನಿಂದ ಹಾಕಿದ್ದು, ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಅದನ್ನು ಮತ್ತೆ ಕಟ್ಟಬೇಕು. ಹೊಸ ಕರ್ನಲ್ಲಿನ ಹೆಡರ್ ಕಡತಗಳು ಬಾರದೆ ಕಟ್ಟುವ ಕೆಲಸ ಸೋತಿತು, ವೈ-ಫೈ ಮಾಯವಾಯಿತು. ಆ ಹೊತ್ತಿಗೆ ಮಾಡಿದ್ದು: ಮರುಬೂಟ್, ಯಂತ್ರ ಏಳುವಾಗ ಸಿಗುವ ಗ್ರಬ್ ಮೆನು, ಅಡ್ವಾನ್ಸ್‌ಡ್ ಆಯ್ಕೆ, ಹಿಂದಿನ ಕರ್ನಲ್. ನಿಮಿಷಗಳಲ್ಲಿ ಕೌಂಟರ್ ಮತ್ತೆ ಶುರುವಾಯಿತು. ಕಾಯಂ ಪರಿಹಾರವಾಗಿ ಡಾಂಗಲ್ ಕಿತ್ತು ಕ್ಯಾಟ್6 ಕೇಬಲ್ ಎಳೆಯಲಾಯಿತು. ಹಳೆಯ ಕರ್ನಲ್ಲಿಗೆ ಹೀಗೆ ಹಿಂದಿರುಗುವ ಸೌಲಭ್ಯ ಲಿನಕ್ಸ್‌ನ ದೊಡ್ಡ ಬಲ, ವಿಂಡೋಸ್‌ನಲ್ಲಿ ಅಪ್‌ಡೇಟ್ ಹಿಂತೆಗೆಯುವುದು ಇಷ್ಟು ಸಲೀಸಲ್ಲ.

ದಿನದ ದರಪಟ್ಟಿಯ ಎಕ್ಸೆಲ್ ಕಡತದಲ್ಲಿದ್ದ ಮ್ಯಾಕ್ರೊ ಬಟನ್ ಲಿಬ್ರೆಆಫೀಸ್‌ನಲ್ಲಿ ನಡೆಯಲಿಲ್ಲ. ಮ್ಯಾಕ್ರೊ ಬಿಟ್ಟು ಸೂತ್ರಗಳಲ್ಲೇ ಬರೆದುಕೊಂಡರು.

ವಿಂಡೋಸ್ ಕಡೆ, ಟ್ಯಾಲಿ ಯಂತ್ರಗಳು ಎಸ್‌ಎಸ್‌ಡಿ ಇರುವುದರಿಂದ ಬುಧವಾರದ ಭಾರ ತಡೆದುಕೊಂಡವು. ತಾನಾಗಿ ಮರುಬೂಟ್ ಆಗಬಾರದ ಹೊತ್ತನ್ನು ಹೇಳುವ ಆಕ್ಟಿವ್ ಅವರ್ಸ್ ಅನ್ನು ಅದರ ಗರಿಷ್ಠವಾದ 18 ಗಂಟೆಗೆ ಹಿಗ್ಗಿಸಿ, ಮರುಬೂಟ್ ನಡುರಾತ್ರಿಗೆ ಹೋಗುವಂತೆ ಮಾಡಲಾಗಿದೆ. ಅಕ್ಟೋಬರಿನ ಒಂದು ಗುಡುಗು ಸಂಜೆ ಯುಪಿಎಸ್ ಕೈಕೊಟ್ಟು ಟ್ಯಾಲಿಯಲ್ಲಿ ಕಂಪನಿಯ ಲೆಕ್ಕ ತೆರೆಯಲಿಲ್ಲ. ಮೊದಲು ಇಡೀ ಡೇಟಾ ಫೋಲ್ಡರಿನ ಪ್ರತಿ ತೆಗೆದು, ಆಮೇಲೆ ಡೇಟಾ ಮೆನುವಿನ ರಿಪೇರಿ ಓಡಿಸಿದಾಗ ಲೆಕ್ಕ ಮರಳಿತು. ಪ್ರತಿ ತೆಗೆಯದೆ ರಿಪೇರಿ ಒತ್ತಲೇಬಾರದು. ವೇಬ್ರಿಡ್ಜ್ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಆದರೆ ಇಂಟರ್‌ನೆಟ್ ಇಲ್ಲದ ಕಾರಣ ಗಡಿಯಾರ ಸ್ವಲ್ಪ ಸ್ವಲ್ಪವೇ ಜಾರಿ, ಚೀಟಿಯ ಹೊತ್ತಿಗೂ ಗೇಟಿನ ಪುಸ್ತಕಕ್ಕೂ ವ್ಯತ್ಯಾಸ ಕಂಡಿತು. ತಿಂಗಳ ಮೊದಲ ದಿನ ಕೈಯಿಂದ ಸರಿಪಡಿಸುವುದೆಂದು ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ಲಿನಕ್ಸ್ ಯಂತ್ರಗಳಿಗೆ ಓಎಸ್‌ನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ವಾರಕ್ಕೊಮ್ಮೆ, ಎರಡು ಪ್ರತಿ ಮಾತ್ರ. ಹೆಚ್ಚಿಟ್ಟರೆ 240 ಜಿಬಿ ತುಂಬಿಹೋಗುತ್ತದೆ. ಟೈಮ್‌ಶಿಫ್ಟ್ ಸಾಮಾನ್ಯವಾಗಿ ಬಳಕೆದಾರರ ಕಡತಗಳನ್ನು ಮುಟ್ಟುವುದಿಲ್ಲ, ಅವಕ್ಕೆ ಹೊರಗಿನ ಡಿಸ್ಕಿನಲ್ಲಿ ಬೇರೆ ಬ್ಯಾಕಪ್. ಅಪ್‌ಡೇಟ್ ಒತ್ತುವುದು ಶನಿವಾರ ಮಧ್ಯಾಹ್ನ, ಅದೂ ಒಬ್ಬರೇ. ಇನ್ನು ಉಡುಪಿಯಲ್ಲಿ ವಿಂಡೋಸ್ ರಿಪೇರಿಯವರು ಕರೆದ ಗಂಟೆಯಲ್ಲೇ ಸಿಗುತ್ತಾರೆ, ಇದು ವಿಂಡೋಸ್‌ನ ಪರವಾದ ಗಟ್ಟಿ ಅಂಶ. ಆದರೆ ಅವರಲ್ಲಿ ಕೆಲವರು ಗುರುತಿಲ್ಲದ ಪರದೆ ಕಂಡೊಡನೆ ಫಾರ್ಮ್ಯಾಟ್ ಮಾಡಿಬಿಡುವುದೂ ಉಂಟು. ಅದಕ್ಕೇ ನಾಲ್ಕೂ ಕ್ಯಾಬಿನೆಟ್ಟಿನ ಮೇಲೆ ದಪ್ಪಕ್ಷರದ ಚೀಟಿ ಅಂಟಿಸಿದೆ: "ಇದರಲ್ಲಿರುವುದು ಲಿನಕ್ಸ್. ಫಾರ್ಮ್ಯಾಟ್ ಮಾಡಬೇಡಿ. ಮೊದಲು ಧಣಿಗಳಿಗೆ ಫೋನ್ ಮಾಡಿ."

2026ರ ನಿಷೇಧದ ತಿಂಗಳುಗಳಿಗೆ ಎರಡು ಕೆಲಸ ಉಳಿದಿವೆ. ಉಳಿದ ಯುಪಿಎಸ್ ಬ್ಯಾಟರಿಗಳನ್ನು ಒಟ್ಟಿಗೇ ಬದಲಿಸಿ, ಮೇಲೆ ತಾರೀಕು ಬರೆಯುವುದು ಒಂದು. ಇಂಡಿಕೇಟರಿನಿಂದ ವೇಬ್ರಿಡ್ಜ್ ಕ್ಯಾಬಿನ್ನಿಗೆ ಬರುವ ಸೀರಿಯಲ್ ಕೇಬಲ್ ಎಷ್ಟು ಉದ್ದ ಇದೆ ಎಂದು ಅಳೆಯುವುದು ಇನ್ನೊಂದು. ಆರ್‌ಎಸ್-232ಕ್ಕೆ 15 ಮೀಟರ್ ವಾಡಿಕೆಯ ಮಿತಿ. ಅದಕ್ಕಿಂತ ಉದ್ದವಿದ್ದರೆ ಇಂಡಿಕೇಟರನ್ನೇ ಕ್ಯಾಬಿನ್ನಿನ ಹತ್ತಿರಕ್ಕೆ ತರಬೇಕು, ಗುಡುಗಿರುವ ಸಂಜೆ ಆ ಕೇಬಲ್ಲಿನ ಕನೆಕ್ಟರನ್ನು ಕಿತ್ತಿಡಬೇಕು.